ಪಾದ್ರಿ ಸ್ಟೀಫನ್ಸರ ಪತ್ರಗಳು

ಆಂಗ್ಲ ದೇಶದಲ್ಲಿ ಹುಟ್ಟಿ, ರೋಮಿನಲ್ಲಿ ಜೆಸ್ಯುಯಿಟ್ ಸಂಘವನ್ನು ಸೇರಿದ ಥಾಮಸ್ ಸ್ಟೀಫನ್ಸರು 1579ರ ಅಕ್ಟೋಬರಿನಲ್ಲಿ ಗೋವೆಗೆ ಬಂದಿಳಿದರು. ಮರುತಿಂಗಳು ತಂದೆಗೆ ಬರೆದ ಓಲೆಯಲ್ಲಿ, ವಸಡು ಊದಿ ನರಳಿದ ಯಾತ್ರಿಕರು, ಹಡಗಿನ ಬೆನ್ನುಹತ್ತಿದ ಮೀನುಗಳು, ಹೀಗೆ ಆರು ತಿಂಗಳ ಕಡಲಯಾನದ ವೃತ್ತಾಂತವೆಲ್ಲ ಇದೆ.

ಭಾಷಾವ್ಯಾಸಂಗಿಗಳಿಗೆ ಹೆಚ್ಚು ಬೆಲೆಯುಳ್ಳದ್ದು 1583ರಲ್ಲಿ ಸೋದರನಿಗೆ ಬರೆದ ಪತ್ರ. ಇಲ್ಲಿನ ನುಡಿಗಳ ರಚನೆಯು ಗ್ರೀಕ್, ಲ್ಯಾಟಿನ್ ಭಾಷೆಗಳ ರಚನೆಯನ್ನು ಹೋಲುತ್ತದೆಂದು ಅದರಲ್ಲಿ ಗುರುತಿಸಿದ್ದಾರೆ. ಸರ್ ವಿಲಿಯಂ ಜೋನ್ಸರು ಸಂಸ್ಕೃತವನ್ನು ಕುರಿತು ಇಂಥ ಮಾತನ್ನು ಸಾರಿದ್ದು 1786ರಲ್ಲಿ. ಜೋನ್ಸರಂತೆ ಏಕಮೂಲವನ್ನು ಊಹಿಸುವವರೆಗೆ ಸ್ಟೀಫನ್ಸರು ಹೋಗಲಿಲ್ಲವಾದರೂ ಅವರ ದೃಷ್ಟಿ ಸೂಕ್ಷ್ಮವಾದುದು.

ಅವರು ದುಡಿದ ಸಾಷ್ಟಿ ಪ್ರಾಂತದ ದೇಗುಲಗಳನ್ನು ಪೋರ್ಚುಗೀಸರು 1567ರಲ್ಲಿ ಕೆಡವಿದ್ದರು. ಆ ನೊಂದ ನೆಲದಲ್ಲಿಯೇ ಈ ಪಾದ್ರಿಗಳು ಜನರ ಓವಿ ಛಂದಸ್ಸನ್ನು ಕಲಿತು, ಮರಾಠಿಯಲ್ಲಿ ಕ್ರಿಸ್ತಪುರಾಣವನ್ನು ರಚಿಸಿದರು. 1616ರಲ್ಲಿ ಅದು ರೋಮನ್ ಲಿಪಿಯಲ್ಲಿ ಅಚ್ಚಾಯಿತು. ಉದ್ದೇಶವು ಮತಪ್ರಚಾರವೇ, ಭಾಷಾಭಕ್ತಿಯೂ ದಿಟವೇ.

ಅವರು 1619ರಲ್ಲಿ ತೀರಿಕೊಂಡ ಬಳಿಕ, 1640ರಲ್ಲಿ, ಗೋವೆಯ ರಾಚೋಲಿನಲ್ಲಿ ಅವರ ‘ಕಾನಾರಿಂ’ ವ್ಯಾಕರಣ ಅಚ್ಚಾಯಿತು. ಹೆಸರು ಕೇಳಿ ಕನ್ನಡಿಗರು ಹಿಗ್ಗುವಂತಿಲ್ಲ. ಪೋರ್ಚುಗೀಸರು ಗೋವೆಯ ಜನರನ್ನು ಹಾಗೆ ಕರೆಯುತ್ತಿದ್ದರು. ಅದು ಕೊಂಕಣಿಯ ವ್ಯಾಕರಣ.