ಇನ್ನೂ ಹಾರುವ ಟೈಗರ್ ಮಾತ್

ನ್ಯಾಮತಿ, ಹೊನ್ನಾಳಿ ಕಡೆಯವರಿಗೆ ವಿಮಾನ ಈಗ ದೂರದೂರಿನ ಸಂಗತಿಯಲ್ಲ. ಶಿವಮೊಗ್ಗದ ಸೋಗಾನೆಯಲ್ಲಿ 2023ರ ಫೆಬ್ರವರಿಯಲ್ಲಿ 3,200 ಮೀಟರ್ ರನ್‌ವೇ ಇರುವ ನಿಲ್ದಾಣ ತೆರೆಯಿತು. ಇತ್ತ ಜಗಳೂರಿನ ನೆರೆಯ ಚಳ್ಳಕೆರೆ ತಾಲ್ಲೂಕಿನಲ್ಲಿ ಡಿಆರ್‌ಡಿಒ ತನ್ನ ಪರೀಕ್ಷಾ ವಲಯದಿಂದ ಪೈಲಟ್ ಇಲ್ಲದ ವಿಮಾನಗಳನ್ನು ಹಾರಿಸುತ್ತಿದೆ.

ಎರಡು ಜೊತೆ ರೆಕ್ಕೆಯ ಹಳೆಯ ತರಬೇತಿ ವಿಮಾನ ಟೈಗರ್ ಮಾತ್‌ಗೆ ಅಂಥ ರನ್‌ವೇಯೂ ಬೇಡ, ಪರೀಕ್ಷಾ ವಲಯವೂ ಬೇಡ. ಕೊಯ್ಲು ಮುಗಿದು ನೆಲ ಗಟ್ಟಿಯಾದ ಜಗಳೂರಿನ ಒಂದು ಹೊಲ, ಎದುರುಗಾಳಿ, ಕೆಲವು ನೂರು ಮೀಟರ್ ಜಾಗ ಇದ್ದರೆ ಇಳಿದೀತು, ಮತ್ತೆ ಏಳಲೂಬಹುದು. ಹೊನ್ನಾಳಿಯ ಭತ್ತದ ಗದ್ದೆ ಮಾತ್ರ ಆಗದು: ಕೆಸರಿಗೆ ಗಾಲಿ ಸಿಕ್ಕರೆ ಮೂಗು ನೆಲಕ್ಕೆ ಬಡಿಯುತ್ತದೆ. ಚನ್ನಗಿರಿಯ ಅಡಿಕೆ ತೋಟಗಳ ಮೇಲೆ ಎಂಜಿನ್ ಕೈಕೊಟ್ಟರೆ ಪೈಲಟ್ ಏನು ಮಾಡಿಯಾನೆಂದು ಯೋಚಿಸದಿರುವುದೇ ಲೇಸು. ಜಗಳೂರಿನಿಂದ ಹೊನ್ನಾಳಿಗೆ ನೇರವಾಗಿ ಸುಮಾರು 80 ಕಿಲೋಮೀಟರ್. ಗಂಟೆಗೆ 145 ಕಿಲೋಮೀಟರ್ ವೇಗದಲ್ಲಿ ಅರ್ಧ ಗಂಟೆಗಿಂತ ಸ್ವಲ್ಪ ಹೆಚ್ಚಿನ ದಾರಿ.

ಸೋಗಾನೆಯ ಉದ್ದನೆಯ ರನ್‌ವೇ ಅದಕ್ಕೆ ಅಷ್ಟೇನೂ ಹಿತವಲ್ಲ ಎಂಬುದು ತಮಾಷೆಯ ಸಂಗತಿ. ಮೂಲ ಟೈಗರ್ ಮಾತ್‌ಗೆ ಬ್ರೇಕ್ ಇರಲಿಲ್ಲ. ಬಾಲದಡಿ ಗಾಲಿಯೂ ಇರಲಿಲ್ಲ, ಇದ್ದದ್ದು ಒಂದು ಲೋಹದ ಊರುಗೋಲು. ಹುಲ್ಲು ನೆಲದಲ್ಲಿ ಅದು ನೇಗಿಲ ಕುಳದಂತೆ ಮಣ್ಣು ಗೀರುತ್ತ ವೇಗ ತಗ್ಗಿಸುತ್ತಿತ್ತು. ನುಣುಪಾದ ಡಾಂಬರಿನ ಮೇಲೆ ಗೀರುವುದಕ್ಕೇನಿದೆ?

ಇಂಗ್ಲೆಂಡಿನ ಜೆಫ್ರಿ ಡಿ ಹ್ಯಾವಿಲೆಂಡ್‌ಗೆ ಕೀಟಗಳ ಹುಚ್ಚು. ಅವನ ಕಂಪನಿಯ ಅನೇಕ ಪುಟ್ಟ ವಿಮಾನಗಳಿಗೆ ಪತಂಗದ (ಇಂಗ್ಲಿಷಿನಲ್ಲಿ ‘ಮಾತ್’) ಹೆಸರು. 1930ರಲ್ಲಿ ಏಮಿ ಜಾನ್ಸನ್ ಒಬ್ಬಳೇ ಕೂತು ಇಂಗ್ಲೆಂಡಿನಿಂದ ಕರಾಚಿ, ಝಾನ್ಸಿ, ಕಲ್ಕತ್ತೆಗಳ ಮೇಲಾಗಿ ಆಸ್ಟ್ರೇಲಿಯಾ ತಲುಪಿದ್ದು ಇದೇ ಮನೆತನದ ಜಿಪ್ಸಿ ಮಾತ್‌ನಲ್ಲಿ. ಆ ವಿಮಾನ ಈಗ ಲಂಡನ್ನಿನ ವಿಜ್ಞಾನ ವಸ್ತುಸಂಗ್ರಹಾಲಯದಲ್ಲಿದೆ. ಅದರ ತಮ್ಮ ಟೈಗರ್ ಮಾತ್ ಮೊದಲು ಹಾರಿದ್ದು 1931ರ ಅಕ್ಟೋಬರ್ 26ರಂದು. ಮುಂದೆ ಇಂಥವು ಎಂಟು ಸಾವಿರಕ್ಕೂ ಹೆಚ್ಚು ತಯಾರಾದವು.

ರೆಕ್ಕೆ ಎರಡು ಜೊತೆ ಯಾಕೆ? ಮರದ ಚೌಕಟ್ಟಿಗೆ ಬಟ್ಟೆ ಹೊದಿಸಿದ ತೆಳು ರೆಕ್ಕೆಯನ್ನು ಒಂದೇ ಉದ್ದಕ್ಕೆ ಚಾಚಿದರೆ ಗಾಳಿಯ ಒತ್ತಡಕ್ಕೆ ಬಾಗುತ್ತದೆ. ಮೇಲೊಂದು, ಕೆಳಗೊಂದು ಇಟ್ಟು ನಡುವೆ ಕಂಬ ನಿಲ್ಲಿಸಿ, ಓರೆಯಾಗಿ ಉಕ್ಕಿನ ತಂತಿ ಬಿಗಿದರೆ ಇಡೀ ಜೋಡಣೆ ಸೇತುವೆಯ ಚೌಕಟ್ಟಿನ ಬಲ ಪಡೆಯುತ್ತದೆ. ತೂಕವೂ ಹೆಚ್ಚದು. ಆದರೆ ಕಂಬ, ತಂತಿಗಳು ಗಾಳಿಗೆ ಅಡ್ಡ ನಿಲ್ಲುವುದರಿಂದ ವೇಗ ಗಂಟೆಗೆ 175 ಕಿಲೋಮೀಟರಿನ ಆಸುಪಾಸಿಗೇ ಮುಗಿಯುತ್ತದೆ. ಲೋಹದ ಬಲವಾದ ಒಂಟಿ ರೆಕ್ಕೆ ಬಂದ ಮೇಲೆ ಯುದ್ಧರಂಗದಲ್ಲಿ ಈ ಬಗೆಯ ವಿಮಾನಕ್ಕೆ ಕೆಲಸ ಉಳಿಯಲಿಲ್ಲ. ಕಲಿಯುವವನಿಗೆ ಮಾತ್ರ ನಿಧಾನವೇ ಅನುಕೂಲ.

ರೆಕ್ಕೆಗಳು ತುಸು ಹಿಂದಕ್ಕೆ ವಾಲಿರುವುದಕ್ಕೂ ಒಂದು ಕಥೆಯಿದೆ. ಹಳೆಯ ಮಾತ್‌ನಲ್ಲಿ ಮುಂದಿನ ಆಸನದ ಸುತ್ತ ಕಂಬಗಳಿದ್ದವು, ತಲೆಯ ಮೇಲೆ ಪೆಟ್ರೋಲ್ ಟ್ಯಾಂಕ್. ಪ್ಯಾರಾಶೂಟ್ ಕಟ್ಟಿಕೊಂಡವನು ಆಪತ್ತಿನಲ್ಲಿ ಅಲ್ಲಿಂದ ಹೊರಬೀಳುವುದು ಕಷ್ಟ. ಸೇನೆಗೆ ಅದು ಒಪ್ಪಿಗೆಯಾಗಲಿಲ್ಲ. ಎಂಜಿನಿಯರುಗಳು ಕಂಬಗಳ ಜೊತೆಗೆ ಮೇಲಿನ ರೆಕ್ಕೆಯ ನಡುಭಾಗವನ್ನೇ ಮುಂದಕ್ಕೆ ಸರಿಸಿದರು. ಸಮತೋಲ ತಪ್ಪಿತು. ಅದನ್ನು ಸರಿದೂಗಿಸಲು ರೆಕ್ಕೆಗಳ ತುದಿಯನ್ನು ಹಿಂದಕ್ಕೆ ಓರೆಯಾಗಿಸಿದರು. ಇಂದು ನೋಡುವವರು ಮೆಚ್ಚುವ ಆ ಬಳುಕು ಒಂದು ತೇಪೆ ಕೆಲಸದ ಫಲ.

ಗುರು ಮುಂದೆ, ಶಿಷ್ಯ ಹಿಂದೆ, ನಡುವೆ ಮಾತಿಗೊಂದು ಕೊಳವೆ. 130 ಅಶ್ವಶಕ್ತಿಯ ಜಿಪ್ಸಿ ಮೇಜರ್ ಎಂಜಿನ್ನಿಗೆ ಸ್ಟಾರ್ಟರ್ ಇಲ್ಲ. ನೆಲದ ಮೇಲಿನವನು ‘ಕಾಂಟ್ಯಾಕ್ಟ್’ ಎಂದು ಕೂಗಿ ಪ್ರೊಪೆಲ್ಲರ್ ಎಳೆದು ತಿರುಗಿಸಿ ಹಿಂದೆ ಸರಿಯಬೇಕು. ಹಾರಿಸುವುದು ಸುಲಭ, ಚೆನ್ನಾಗಿ ಹಾರಿಸುವುದು ಕಷ್ಟ ಎಂದು ಪೈಲಟ್‌ಗಳು ಇದರ ಬಗ್ಗೆ ಹೇಳುತ್ತಾರೆ. ಕೈಕಾಲಿನ ಸಣ್ಣ ತಪ್ಪನ್ನೂ ಇದು ತೋರಿಸಿಕೊಡುತ್ತದೆ, ಆದರೆ ಸಾಮಾನ್ಯವಾಗಿ ಪ್ರಾಣ ತೆಗೆಯುವುದಿಲ್ಲ. ಎರಡನೇ ಮಹಾಯುದ್ಧದ ಕಾಲಕ್ಕೆ ಹೈದರಾಬಾದಿನ ಬೇಗಂಪೇಟೆ ಮತ್ತು ಜೋಧಪುರದ ಶಾಲೆಗಳಲ್ಲಿ ಭಾರತೀಯ ತರುಣರು ಇದರಲ್ಲೇ ಹಾರಾಟದ ಅಆಇಈ ಕಲಿತರು.

ಅದನ್ನು ಆ ಗುರುಪೀಠದಿಂದ ಇಳಿಸಿದ್ದು ಬೆಂಗಳೂರು. ಜರ್ಮನಿಯ ಗಾಟಿಂಗೆನ್‌ನಲ್ಲಿ ವಾಯುಚಲನ ವಿಜ್ಞಾನಿ ಲುಡ್ವಿಗ್ ಪ್ರಾಂಟ್ಲ್ ಬಳಿ ಸಂಶೋಧನೆ ಮಾಡಿ ಬಂದ ವಿ.ಎಂ. ಘಾಟಗೆ ಅವರ ಮುಂದಾಳತ್ವದಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ರೂಪಿಸಿದ ಎಚ್‌ಟಿ-2 ತರಬೇತಿ ವಿಮಾನ 1951ರಲ್ಲಿ ಹಾರಿತು. ಲೋಹದ ಮೈ, ಒಂಟಿ ರೆಕ್ಕೆ. ಅದರ ಮೊದಲ ಮಾದರಿಗೆ ಹಾಕಿದ್ದು ಜಿಪ್ಸಿ ಮೇಜರ್ ಕುಟುಂಬದ್ದೇ ಎಂಜಿನ್! ವಾಯುಪಡೆಯ ಶಾಲೆಗಳಲ್ಲಿ ಟೈಗರ್ ಮಾತ್‌ನ ಜಾಗ ಕ್ರಮೇಣ ಎಚ್‌ಟಿ-2ಕ್ಕೆ ಹೋಯಿತು. ಘಾನಾ ದೇಶವೂ ಅದನ್ನು ಕೊಂಡಿತು.

ಸೇನೆ ಬಿಟ್ಟ ಟೈಗರ್ ಮಾತ್‌ಗಳು ಬೇರೆಬೇರೆ ದಾರಿ ಹಿಡಿದವು. ನ್ಯೂಜಿಲೆಂಡಿನಲ್ಲಿ ಮುಂದಿನ ಆಸನ ಕಿತ್ತು ಗೊಬ್ಬರದ ತೊಟ್ಟಿ ಕೂರಿಸಿದರು, ಅವು ಗುಡ್ಡದ ಹುಲ್ಲುಗಾವಲಿಗೆ ಫಾಸ್ಫೇಟ್ ಚೆಲ್ಲಿದವು. ನಮ್ಮ ವಾಯುಪಡೆಯ ಪರಂಪರೆ ವಿಮಾನಗಳ ಪೈಕಿ ಎಚ್‌ಯು-512 ಸಂಖ್ಯೆಯ ಟೈಗರ್ ಮಾತ್ ಬ್ರಿಟನ್ನಿಗೆ ಹೋಗಿ ದುರಸ್ತಿಯಾಗಿ ಬಂತು. 2012ರ ಅಕ್ಟೋಬರ್ 8ರ ವಾಯುಪಡೆ ದಿನದಂದು ಗಾಜಿಯಾಬಾದ್ ಬಳಿಯ ಹಿಂಡನ್‌ನಲ್ಲಿ ಜನರ ಮುಂದೆ ಹಾರಿತು.

ಹೀಗೆ ಜೀವ ಕೊಡುವುದು ಸಾಧ್ಯವಾಗುವುದು ಅದರ ಸರಳತೆಯಿಂದ. ಮರ ಕೊಳೆತರೆ ಹೊಸ ಸ್ಪ್ರೂಸ್ ಮರದ ಪಟ್ಟಿ ಅಂಟಿಸಬಹುದು. ಬಟ್ಟೆ ಸವೆದರೆ ಬೇರೆ ಹೊದಿಸಿ, ಡೋಪ್ ಎಂಬ ಬಣ್ಣದಂಥ ದ್ರವ ಬಳಿದು ತಮಟೆಯಂತೆ ಬಿಗಿಯಬಹುದು. ದಶಕಗಳ ಬಳಿಕ ಅದರಲ್ಲಿ ಹಳೆಯದು ಎಷ್ಟು ಉಳಿದಿರುತ್ತದೆ ಎಂದು ಕೇಳಿದರೆ ತಪ್ಪಲ್ಲ. ಹಾರುವ ಮುದಿ ವಿಮಾನಕ್ಕೆ ಅದು ಅನಿವಾರ್ಯ.

ದೆಹಲಿಯ ಪಾಲಂ ವಸ್ತುಸಂಗ್ರಹಾಲಯದಲ್ಲಿರುವ ವೆಸ್ಟ್‌ಲ್ಯಾಂಡ್ ವಾಪಿಟಿ ವಿಮಾನದ್ದು ಇದಕ್ಕೆ ವಿರುದ್ಧವಾದ ಪಾಡು. 1933ರ ಏಪ್ರಿಲ್ 1ರಂದು ಭಾರತೀಯ ವಾಯುಪಡೆಯ ಮೊದಲ ಸ್ಕ್ವಾಡ್ರನ್ ನಾಲ್ಕು ವಾಪಿಟಿಗಳೊಂದಿಗೆ ಕರಾಚಿಯಲ್ಲಿ ಆರಂಭವಾಯಿತು. ಅದೂ ಎರಡು ಜೊತೆ ರೆಕ್ಕೆಯದೇ. ಆ ಬಗೆಯಲ್ಲಿ ಜಗತ್ತಿನಲ್ಲಿ ಉಳಿದಿರುವುದು ಪಾಲಂನದೊಂದೇ, ಹಾಗಾಗಿ ಅದನ್ನು ಹಾರಿಸುವ ಸಾಹಸಕ್ಕೆ ಯಾರೂ ಕೈಹಾಕುವುದಿಲ್ಲ. ಚನ್ನಗಿರಿ, ಜಗಳೂರಿನ ಓದುಗರು ಅದನ್ನು ನೋಡಲು ದೆಹಲಿಗೇ ಹೋಗಬೇಕು. ಎಚ್‌ಟಿ-2 ನೋಡಲು ಬೆಂಗಳೂರಿನ ಎಚ್‌ಎಎಲ್ ವಸ್ತುಸಂಗ್ರಹಾಲಯ ಸಾಕು.