ಗರಿಯ ಮೀನು

ಮೀನು ಹಿಡಿಯುವುದು ಕೇವಲ ಹೊಟ್ಟೆಪಾಡಿನ ಕೆಲಸವೆಂದು ಬಗೆಯುವವರು ಬಹುಮಂದಿ. ಆದರೆ ಅದು ವಿನೋದವೂ ಹೌದು, ಶಾಸ್ತ್ರವೂ ಹೌದೆಂಬುದನ್ನು ನಮ್ಮ ನಾಡಿನ ಅರಸನೇ ಬರೆದಿಟ್ಟಿರುವನು. 1126ರಿಂದ 1138ರವರೆಗೆ ಕಲ್ಯಾಣದಲ್ಲಿ ಆಳಿದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ಗ್ರಂಥದಲ್ಲಿ ಮತ್ಸ್ಯವಿನೋದಕ್ಕೆ ಪ್ರತ್ಯೇಕ ಸ್ಥಾನವನ್ನಿತ್ತು, ಮೀನಿನ ಜಾತಿಗಳು, ಅವುಗಳ ಆಹಾರ, ಗಾಳದ ದಾರ, ಕೋಲು ಮೊದಲಾದುವನ್ನು ವಿವರಿಸಿದ್ದಾನೆ. 1873ರಲ್ಲಿ ಹೆನ್ರಿ ಸಲ್ಲಿವನ್ ಥಾಮಸ್ ಎಂಬ ಆಂಗ್ಲ ಅಧಿಕಾರಿಯು ‘ದಿ ರಾಡ್ ಇನ್ ಇಂಡಿಯಾ’ ಎಂಬ ಪುಸ್ತಕವನ್ನು ಮಂಗಳೂರಿನಲ್ಲಿ ಅಚ್ಚು ಹಾಕಿಸಿ, ಮಾಶೀರ್ ಮೀನಿನ ಬೇಟೆಯನ್ನು ವಿಸ್ತಾರವಾಗಿ ವರ್ಣಿಸಿದನು.

ಈ ಮಾಶೀರ್ ಮೀನನ್ನೇ ಕಾವೇರಿ ತೀರದವರು ಬಿಳಿಮೀನೆನ್ನುವರು. ಜೋಯಿಡಾ ತಾಲೂಕಿನ ಡಿಗ್ಗಿಯ ಬಳಿ ಹುಟ್ಟಿ, ದಾಂಡೇಲಿಯ ಕಾಡುಗಳ ನಡುವೆ ಹರಿದು, 184 ಕಿಲೋಮೀಟರು ನಡೆದು ಕಾರವಾರದ ಬಳಿ ಕಡಲನ್ನು ಸೇರುವ ಕಾಳಿನದಿಯಲ್ಲಿಯೂ ಇದರ ವಾಸವುಂಟು. ಹಳಿಯಾಳ, ಮುಂಡಗೋಡಗಳ ಕೆರೆಯ ನಿಂತ ನೀರಿನಲ್ಲಿ ಎರೆಹುಳುವಿನ ಗಾಳವೇ ಸಾಕು. ಕಾಳಿಯ ಸೆಳವಿನಲ್ಲಿ, ಬಂಡೆಗಳ ಮರೆಯ ತಳದಲ್ಲಿ ನಿಲ್ಲುವ ಮಾಶೀರನ್ನು ಮೋಹಿಸಲು ಬೇರೆ ಉಪಾಯ ಬೇಕಾಗುತ್ತದೆ. ಅದೇ ಗರಿಯಿಂದ ಕಟ್ಟಿದ ಕೃತಕ ಮೀನು.

ಅಮೇರಿಕೆಯ ಪಶ್ಚಿಮ ತೀರದ ನದಿಗಳಲ್ಲಿ ಸಾಲ್ಮನ್ ಮೀನನ್ನೂ, ಕಡಲಿಗೆ ಹೋಗಿ ಮರಳುವ ಸ್ಟೀಲ್‌ಹೆಡ್ ಎಂಬ ಮೀನನ್ನೂ ಹಿಡಿಯುವುದಕ್ಕೆ ಇಂಥದನ್ನೇ ಬಳಸುವರು. ಬರಿಯ ಗರಿ ಹಗುರವಾದುದು. ಪ್ರವಾಹವು ಅದನ್ನು ಮೇಲುಮೇಲೆಯೇ ಕೊಂಡೊಯ್ಯುವುದು. ಆದುದರಿಂದ ಅದಕ್ಕೆ ಭಾರವನ್ನು ಕೂಡಿಸತಕ್ಕದ್ದು.

ಕಟ್ಟುವ ಕ್ರಮ ಹೀಗಿದೆ. ಮೊದಲು ಕೊಕ್ಕೆಯನ್ನು ಸಣ್ಣ ಇಕ್ಕಳದಲ್ಲಿ ಭದ್ರವಾಗಿ ಹಿಡಿಸಿ, ಅದರ ದಂಡದ ಉದ್ದಕ್ಕೂ ನೂಲನ್ನು ಒತ್ತಾಗಿ ಸುತ್ತಬೇಕು. ಕಣ್ಣುಗಳಂತೆ ತೋರುವ ಜೋಡಿ ಲೋಹದ ಗುಂಡುಗಳನ್ನು ತಲೆಯ ಬಳಿ, ದಂಡದ ಮೇಲ್ಭಾಗದಲ್ಲಿ, ಅಡ್ಡಕಟ್ಟಿನಿಂದ ಬಿಗಿಯಬೇಕು. ಅವುಗಳ ಭಾರಕ್ಕೆ ಕೊಕ್ಕೆ ನೀರಿನಲ್ಲಿ ಮಗುಚಿ ಮೊನೆ ಮೇಲಾಗುತ್ತದೆ. ಕಲ್ಲಿಗೆ ತೊಡರುವ ಭಯ ಕಡಮೆಯಾಗುತ್ತದೆ. 1980ರ ದಶಕದಲ್ಲಿ ಪೆನ್ಸಿಲ್ವೇನಿಯಾದ ಬಾಬ್ ಕ್ಲೌಸರ್ ಎಂಬಾತನು ಪ್ರಸಿದ್ಧಿಗೆ ತಂದ ಯುಕ್ತಿ ಇದು. ಬಳಿಕ ಕೆಳಗೆ ಬಿಳಿಯ ಕೂದಲು, ಮೇಲೆ ಕಪ್ಪು ಅಥವಾ ಹಸುರು ಕೂದಲು, ಪಕ್ಕಗಳಲ್ಲಿ ಹುಂಜದ ಕತ್ತಿನ ನೀಳವಾದ ಗರಿಗಳು. ನಿಜವಾದ ಮರಿಮೀನಿಗೂ ಹೊಟ್ಟೆ ಬಿಳುಪು, ಬೆನ್ನು ಕಪ್ಪಲ್ಲವೆ? ಕಡೆಗೆ ಗಂಟುಹಾಕಿ ವಾರ್ನಿಷ್ ಸವರಿದರಾಯಿತು. ಕೂದಲನ್ನು ಮಿತವಾಗಿ ಹಾಕತಕ್ಕದ್ದು. ದಟ್ಟವಾದರೆ ಮುಳುಗುವುದು ನಿಧಾನ.

ಎಸೆಯುವಾಗ ಹೊಳೆಗೆ ಅಡ್ಡವಾಗಿ, ತುಸು ಮೇಲ್ಗಡೆಗೆ ಎಸೆದು, ಅದು ಮುಳುಗುವವರೆಗೆ ತಾಳ್ಮೆಯಿಂದಿರಬೇಕು. ಅನಂತರ ದಾರವನ್ನು ಗೇಣುಗೇಣಾಗಿ ಎಳೆದು ನಿಲ್ಲಿಸುತ್ತಿದ್ದರೆ, ಎಳೆದಾಗ ಏರಿ ನಿಂತಾಗ ಇಳಿಯುವ ಗರಿಯು ಗಾಯಗೊಂಡ ಮರಿಯಂತೆ ತೋರುವುದು. ದಾರ ಸಡಿಲವಾದರೆ ಮೀನು ಮುಟ್ಟಿದುದೇ ತಿಳಿಯದು. ಭಾರದ ಗರಿ ತಲೆಗೆ ಬಡಿಯಬಹುದಾದ್ದರಿಂದ ಟೋಪಿ, ಕನ್ನಡಕಗಳು ಅವಶ್ಯ. ಮಾಶೀರಿನ ದವಡೆಯಲ್ಲಿ ಹಲ್ಲಿಲ್ಲ; ಗಂಟಲಲ್ಲಿರುವ ಹಲ್ಲುಗಳಿಂದಲೇ ಅದು ಏಡಿಯನ್ನು ಕೂಡ ಅರೆಯುವುದು. ಆದುದರಿಂದ ಹಿಡಿದವರು ಗಂಟಲೊಳಗೆ ಬೆರಳಿಡಬಾರದು.

ಇಷ್ಟೆಲ್ಲ ಕಲಿತ ಮೇಲೆ ಮುಖ್ಯವಾದ ಪ್ರಶ್ನೆಯೊಂದು ಉಳಿಯುತ್ತದೆ: ಹಿಡಿದ ಮೀನನ್ನು ಏನು ಮಾಡುವುದು? ಮಳೆಗಾಲದಲ್ಲಿ ಮಾಶೀರು ಮೊಟ್ಟೆಯಿಡುವುದಕ್ಕೆ ಜಲ್ಲಿಯ ನೆಲವನ್ನು ಹುಡುಕಿ ಮೇಲ್ಹೊಳೆಗೆ ಏರುವುದು. 1987ರಲ್ಲಿ ಮುಗಿದ ಸೂಪಾ ಅಣೆಕಟ್ಟಿನ ಎತ್ತರ 101 ಮೀಟರು. ಅದನ್ನು ಹಾರಬಲ್ಲ ಮೀನಿಲ್ಲ. ಕೆಳಗೆ ಬೊಮ್ಮನಹಳ್ಳಿ, ಕೊಡಸಳ್ಳಿ, ಕದ್ರಾ ಎಂಬ ಕಟ್ಟೆಗಳಿವೆ. ನಮ್ಮ ಮನೆಗಳ ದೀಪಕ್ಕೆ ಅವು ಬೇಕಾದುವು. ಆದರೆ ಅವುಗಳ ನಡುವೆ ಸಿಕ್ಕಿಕೊಂಡ ಮೀನಿಗೆ ಬೇರೆ ದಾರಿಯಿಲ್ಲ. ಎರಡು ಕಟ್ಟೆಗಳ ನಡುವಿನ ಹೊಳೆಯಲ್ಲಿ ಒಂದು ದೊಡ್ಡ ತಾಯಿಮೀನನ್ನು ಕೊಂದರೆ, ಮುಂದಿನ ಸಾವಿರಾರು ಮರಿಗಳನ್ನೇ ಕಳೆದಂತೆ.

ಆದಕಾರಣ ವಿನೋದಾರ್ಥಿಗಳು ಕೊಕ್ಕೆಯ ಹಿಮ್ಮುಳ್ಳನ್ನು ಮೊದಲೇ ಒತ್ತಿ ಮಟ್ಟಮಾಡಬೇಕು. ಒದ್ದೆಗೈಯಿಂದ ನೀರಿನಲ್ಲಿಯೇ ಕೊಕ್ಕೆ ಬಿಡಿಸಿ, ಮೀನಿನ ತಲೆಯನ್ನು ಪ್ರವಾಹಕ್ಕೆದುರಾಗಿ ಹಿಡಿದು, ಅದು ತಾನಾಗಿಯೇ ಈಜುವವರೆಗೆ ಆಧಾರಕೊಡಬೇಕು. ಹುಲಿಗಳ ರಕ್ಷಿತಾರಣ್ಯದಲ್ಲಿ ಅಪ್ಪಣೆಯಿಲ್ಲದೆ ಗಾಳ ಹಾಕಲಾಗದೆಂಬುದನ್ನೂ, ಅಣೆಕಟ್ಟಿನಿಂದ ನೀರು ಬಿಟ್ಟಾಗ ಹೊಳೆಯು ಒಮ್ಮೆಲೇ ಏರುವುದೆಂಬುದನ್ನೂ ಮರೆಯತಕ್ಕದ್ದಲ್ಲ. ಗೆದ್ದವನು ಕ್ಷಮಿಸಿದಾಗಲೇ ಗೆಲುವಿಗೆ ಶೋಭೆ. ಮತ್ಸ್ಯವಿನೋದಕ್ಕೂ ಅದೇ ನೀತಿ.