ಎದೆಯಲ್ಲಿ ನಿಂತ ತುತ್ತು

ಮುದ್ದೆಯನ್ನು ಅಗಿಯುವುದಿಲ್ಲ, ನುಂಗುತ್ತೇವೆ. ಮಂಡ್ಯ, ಕೋಲಾರ, ತುಮಕೂರಿನ ಕಡೆ ಇದನ್ನು ಮಕ್ಕಳಿಗೆ ಯಾರೂ ಕೂರಿಸಿಕೊಂಡು ಕಲಿಸುವುದಿಲ್ಲ. ಪಕ್ಕದಲ್ಲಿ ಕೂತ ಅಜ್ಜ ಉಣ್ಣುವುದನ್ನು ನೋಡಿಯೇ ಬಂದುಬಿಡುತ್ತದೆ. ಕರಾವಳಿಯಲ್ಲಿ ಗಂಟಲಿಗೆ ಮೀನಿನ ಮುಳ್ಳು ಸಿಕ್ಕಿದರೆ ಅನ್ನದ ಉಂಡೆ ನುಂಗು ಅನ್ನುತ್ತಾರೆ. ಇನ್ನು ಏನೇ ಸಿಕ್ಕಿಕೊಂಡರೂ ಯಾವ ಮನೆಯಲ್ಲಾದರೂ ಮೊದಲು ಕೈಗೆ ಬರುವುದು ನೀರಿನ ಲೋಟ. ಬೊಜ್ಜು ಕರಗಲೆಂದು ಜಠರಕ್ಕೆ ಬ್ಯಾಂಡ್ ಹಾಕಿಸಿಕೊಂಡವರು ಈ ಮೂರು ಅಭ್ಯಾಸಗಳನ್ನೂ ಬಿಡಬೇಕಾಗುತ್ತದೆ. ಬಿಡದಿದ್ದರೆ ಏನಾಗುತ್ತದೆ ಎಂಬುದು ಮೊದಲ ಸಲ ತುತ್ತು ಸಿಕ್ಕಿಕೊಂಡ ದಿನ ತಿಳಿಯುತ್ತದೆ.

ಅದು ಗಂಟಲಲ್ಲಿ ಸಿಕ್ಕುವುದಲ್ಲ. ಉಸಿರೇನೂ ಕಟ್ಟುವುದಿಲ್ಲ. ಎದೆಯ ನಡುವಿನ ಮೂಳೆಯ ಹಿಂದೆ ಕಲ್ಲೊಂದು ಕೂತಂತೆ ಒತ್ತುತ್ತದೆ. ಬೆನ್ನಿಗೂ ಹೆಗಲಿಗೂ ನೋವು ಹರಿಯುತ್ತದೆ. ಬಾಯಲ್ಲಿ ನೀರೂರತೊಡಗುತ್ತದೆ. ನಾವು ದಿನಕ್ಕೆ ಹೆಚ್ಚುಕಡಿಮೆ ಒಂದು ಲೀಟರ್ ಜೊಲ್ಲನ್ನು ಅರಿವಿಲ್ಲದೆ ನುಂಗುತ್ತಿರುತ್ತೇವೆ. ದಾರಿ ಮುಚ್ಚಿದ ಮೇಲೆ ಅದೆಲ್ಲ ತುತ್ತಿನ ಮೇಲೆ ನಿಂತು, ಅನ್ನನಾಳದ ಲೋಳೆಯೊಂದಿಗೆ ಸೇರಿ ನೊರೆನೊರೆಯಾಗಿ ಬಾಯಿಗೆ ಬರುತ್ತದೆ. ಕೊನೆಗೆ ಒಂದು ತೇಗಿನೊಂದಿಗೆ ತುತ್ತು ಹೋದ ಹಾಗೆಯೇ ಮೇಲೆ ಬರುತ್ತದೆ, ಇಲ್ಲವೇ ನಿಧಾನವಾಗಿ ಕೆಳಗೆ ಜಾರುತ್ತದೆ. ಬಂದದ್ದಕ್ಕೆ ಹುಳಿಯಾಗಲಿ ಕಹಿಯಾಗಲಿ ಇರುವುದಿಲ್ಲ, ಏಕೆಂದರೆ ಅದು ಜಠರದ ಆಮ್ಲವನ್ನು ಮುಟ್ಟಿಯೇ ಇರುವುದಿಲ್ಲ.

ಇಷ್ಟು ಹಿಂಸೆ ಕೊಡುವ ಸಾಧನವನ್ನು ಯಾರು, ಏಕೆ ಮಾಡಿದರು?

ಬೊಜ್ಜಿಗೆ ಶಸ್ತ್ರಚಿಕಿತ್ಸೆ ಮಾಡುವ ಪ್ರಯತ್ನ ಅಮೆರಿಕದಲ್ಲಿ 1950ರ ದಶಕದಲ್ಲೇ ಶುರುವಾಗಿತ್ತು. ಸಣ್ಣ ಕರುಳಿನ ಬಹುಪಾಲನ್ನು ಬದಿಗಿಟ್ಟು ಆಹಾರವನ್ನು ಮುಂದಕ್ಕೆ ದಾಟಿಸುವುದು ಅಂದಿನ ವಿಧಾನ. ತೂಕ ಇಳಿಯುತ್ತಿತ್ತು, ಜೊತೆಗೆ ಯಕೃತ್ತೂ ಪೋಷಣೆಯೂ ಹಾಳಾಗುತ್ತಿದ್ದವು. 1966ರಲ್ಲಿ ಅಯೋವಾ ವಿಶ್ವವಿದ್ಯಾಲಯದ ಎಡ್ವರ್ಡ್ ಮೇಸನ್, ಜಠರದ ಮೇಲಿನ ಸಣ್ಣ ಭಾಗವನ್ನು ಬೇರ್ಪಡಿಸಿ ನೇರ ಕರುಳಿಗೆ ಜೋಡಿಸುವ ಬೈಪಾಸ್ ಆರಂಭಿಸಿದರು. ಏನನ್ನೂ ಕತ್ತರಿಸದೆ, ಹೊಲಿಯದೆ, ಜಠರದ ಮೇಲ್ಭಾಗಕ್ಕೆ ಒಂದು ಪಟ್ಟಿ ಸುತ್ತಿದರೆ ಸಾಲದೇ ಎಂಬ ಯೋಚನೆ ಬಂದದ್ದು ಅದಾದ ಮೇಲೆ. 1978ರಲ್ಲಿ ವಿಲ್ಕಿನ್ಸನ್ ಮತ್ತು ಪೆಲೋಸೊ ಎಂಬ ಶಸ್ತ್ರವೈದ್ಯರು ಎರಡು ಸೆಂಟಿಮೀಟರ್ ಅಗಲದ, ಮಾರ್ಲೆಕ್ಸ್ ಎಂಬ ಪ್ಲಾಸ್ಟಿಕ್ ಬಲೆಯನ್ನು ಸುತ್ತಿ ನೋಡಿದರು. ಬೇರೆಯವರು ಬೇರೆ ಬೇರೆ ಬಟ್ಟೆಗಳಿಂದ ಪ್ರಯತ್ನಿಸಿದರು.

ಒಮ್ಮೆ ಬಿಗಿದರೆ ಬಿಗಿದದ್ದೇ ಎಂಬುದು ಆ ಪಟ್ಟಿಗಳ ದೋಷವಾಗಿತ್ತು. ಒಬ್ಬರಿಗೆ ಸರಿಯಾದ ಬಿಗಿತ ಇನ್ನೊಬ್ಬರಿಗೆ ಉರುಳು. ಈ ತಿಂಗಳು ಹಿತವಾಗಿದ್ದದ್ದು ಜಠರದ ಗೋಡೆ ಊದಿದಾಗ ಹಿಂಸೆ. ವಾಂತಿ ನಿಲ್ಲದೆ ಎಷ್ಟೋ ಮಂದಿ ಮತ್ತೆ ಶಸ್ತ್ರಚಿಕಿತ್ಸೆಯ ಮೇಜು ಹತ್ತಬೇಕಾಯಿತು. ಬಿಗಿತವನ್ನು ಬೇಕಾದಂತೆ ಬದಲಿಸಲು ಬರಬೇಕು ಎಂಬ ವಿಚಾರ ಹುಟ್ಟಿದ್ದು ಇದೇ ಸಂಕಟದಿಂದ. ಗಾಳಿಚೀಲದಂತೆ ಉಬ್ಬುವ ಪಟ್ಟಿಯನ್ನು ಆಸ್ಟ್ರಿಯಾದಲ್ಲಿ ಸಿನಿಟ್ಸ್ ಮೊಲಗಳ ಮೇಲೆ ಪ್ರಯೋಗಿಸಿದರು. ಸ್ವೀಡನ್ನಿನಲ್ಲಿ ಹಾಲ್‌ಬರ್ಗ್ ಮತ್ತು ಫೋರ್ಸೆಲ್ ತಮ್ಮದೇ ಮಾದರಿ ಮಾಡಿದರು. ಉಕ್ರೇನ್ ಮೂಲದ ಲುಬೊಮಿರ್ ಕುಜ್ಮಾಕ್ ನ್ಯೂಜೆರ್ಸಿಯಲ್ಲಿ 1983ರಿಂದ ಸಿಲಿಕೋನ್ ಪಟ್ಟಿ ಹಾಕುತ್ತಿದ್ದರು. 1986ರಲ್ಲಿ ಅವರು ಆ ಪಟ್ಟಿಯ ಒಳಮೈಗೆ ಉಬ್ಬುವ ಬಲೂನು ಸೇರಿಸಿದರು. ಸಣ್ಣ ಕೊಳವೆಯೊಂದರಿಂದ ಅದನ್ನು ಹೊಟ್ಟೆಯ ಚರ್ಮದ ಅಡಿಯಲ್ಲಿ ಕೂರಿಸಿದ ಪುಟ್ಟ ಡಬ್ಬಿಗೆ, ಅಂದರೆ ಪೋರ್ಟ್‌ಗೆ ಜೋಡಿಸಿದರು. ಹೊರಗಿನಿಂದ ಸೂಜಿ ಚುಚ್ಚಿ ಸಲೈನ್ ತುಂಬಿದರೆ ಬಿಗಿ, ಹೀರಿದರೆ ಸಡಿಲ.

ಇದಾದ ಮೇಲೆ ಹೊಟ್ಟೆ ಸೀಳದೆ ಇದನ್ನು ಕೂರಿಸುವುದೊಂದು ಬಾಕಿ ಇತ್ತು. ಇಥಿಯೋಪಿಯಾದಲ್ಲಿ ಕುರಿ ಕಾಯುತ್ತ ಬೆಳೆದು ಬೆಲ್ಜಿಯಂನಲ್ಲಿ ಶಸ್ತ್ರವೈದ್ಯರಾದ ಮಿತಿಕು ಬೆಲಾಚೆವ್, 1993ರ ಸೆಪ್ಟೆಂಬರ್ 1ರಂದು ಹುಯಿ ಎಂಬ ಪಟ್ಟಣದ ಆಸ್ಪತ್ರೆಯಲ್ಲಿ ಲ್ಯಾಪರೊಸ್ಕೋಪಿ ಮೂಲಕ, ಸಣ್ಣ ತೂತುಗಳಿಂದಲೇ, ಈ ಬ್ಯಾಂಡ್ ಹಾಕಿದರು. ಮುಂದಿನ ವರ್ಷವೇ ಅದು ಆಸ್ಟ್ರೇಲಿಯಾ ತಲುಪಿತು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2001ರಲ್ಲಿ ಒಪ್ಪಿಗೆ ಕೊಟ್ಟಿತು. ಕತ್ತರಿಸುವುದಿಲ್ಲ, ಬೇಡವೆನಿಸಿದರೆ ತೆಗೆಯಬಹುದು ಎಂಬ ಮಾತಿಗೆ ಜನ ಮರುಳಾದದ್ದು ಸಹಜ. 2011ರ ಹೊತ್ತಿಗೆ ಅಮೆರಿಕದಲ್ಲಿ ನಡೆಯುತ್ತಿದ್ದ ಬೊಜ್ಜಿನ ಶಸ್ತ್ರಚಿಕಿತ್ಸೆಗಳಲ್ಲಿ ಮೂರನೇ ಒಂದಕ್ಕಿಂತ ಹೆಚ್ಚು ಪಾಲು ಬ್ಯಾಂಡ್‌ನದಾಗಿತ್ತು.

ಬ್ಯಾಂಡ್ ಹಾಕಿದವರೇ ಮೊದಮೊದಲು ಅದು ಕೆಲಸ ಮಾಡುವ ಬಗೆಯನ್ನು ತಪ್ಪಾಗಿ ತಿಳಿದಿದ್ದರು. ಬ್ಯಾಂಡ್‌ನ ಮೇಲೆ ಒಂದು ಪುಟ್ಟ ಚೀಲ, ಕೆಳಗೆ ಉಳಿದ ಜಠರ. ಮೇಲಿನ ಚೀಲ ನಾಲ್ಕು ತುತ್ತಿಗೆ ತುಂಬುತ್ತದೆ, ನಿಧಾನವಾಗಿ ಸೋರುತ್ತದೆ, ಹೊಟ್ಟೆ ತುಂಬಿದಂತಾಗುತ್ತದೆ ಎಂಬುದು ಅಂದಿನ ವಿವರಣೆ. ಹಾಗಿದ್ದರೆ ಎಷ್ಟು ಬಿಗಿಯೋ ಅಷ್ಟು ಲಾಭ ಅನ್ನಿಸುವುದಿಲ್ಲವೇ? ರೋಗಿಗಳಿಗೂ ಹಾಗೆಯೇ ಅನ್ನಿಸಿತು. ತುತ್ತು ಸಿಕ್ಕಿಕೊಂಡು ವಾಂತಿಯಾದರೆ ಬ್ಯಾಂಡ್ ಚೆನ್ನಾಗಿ ಕೆಲಸ ಮಾಡುತ್ತಿದೆ ಎಂದುಕೊಂಡು ಸಹಿಸಿದವರು ಬಹಳ.

ಈ ತಿಳಿವಳಿಕೆಯನ್ನು ತಿದ್ದಿದ್ದು ಮೆಲ್ಬರ್ನ್‌ನ ಮೊನಾಶ್ ವಿಶ್ವವಿದ್ಯಾಲಯದ ಪಾಲ್ ಒಬ್ರಿಯನ್, ಜಾನ್ ಡಿಕ್ಸನ್, ಪಾಲ್ ಬರ್ಟನ್ ಮತ್ತು ಅವರ ಜೊತೆಯವರು. ಬ್ಯಾಂಡ್ ಸರಿಯಾಗಿ ತುಂಬಿದ್ದಾಗ ರಾತ್ರಿಯಿಡೀ ಏನೂ ತಿನ್ನದೆ ಎದ್ದವರಿಗೂ ಹಸಿವು ಕಡಿಮೆ ಇರುವುದನ್ನು ಅವರು ಕಂಡರು. ಮೇಲಿನ ಚೀಲದಲ್ಲಿ ಆಗ ಏನೂ ಇರಲಿಲ್ಲ. ಅಂದರೆ ತುಂಬುವಿಕೆ ಕಾರಣವಲ್ಲ. ಜಠರದ ಆ ಭಾಗವನ್ನು ಮೃದುವಾಗಿ ಒತ್ತಿದಾಗ ನರಗಳು ಮಿದುಳಿಗೆ ಹಸಿವಿಲ್ಲವೆಂದು ಹೇಳುತ್ತವೆ ಎಂಬ ವಿವರಣೆ ಅಲ್ಲಿಂದ ಬಂತು. ಅನ್ನನಾಳದ ಒತ್ತಡವನ್ನು ಅಳೆದು ಇನ್ನೊಂದನ್ನು ತೋರಿಸಿದರು. ಆರೋಗ್ಯವಂತ ಅನ್ನನಾಳದಲ್ಲಿ ಸಂಕೋಚನದ ಒಂದು ಅಲೆಗೆ ಇಳಿಯುವ ತುತ್ತು ಬ್ಯಾಂಡ್ ದಾಟಲು ಹಲವು ಅಲೆಗಳು ಬೇಕು. ಆಹಾರ ಮೇಲೆ ನಿಲ್ಲಬಾರದು. ಒಂದು ತುತ್ತು ಪೂರ್ತಿ ದಾಟಿದ ಮೇಲೆ ಇನ್ನೊಂದು ಹೋಗಬೇಕು. ಅದಕ್ಕೆ ಸುಮಾರು ಒಂದು ನಿಮಿಷ ಹಿಡಿಯುತ್ತದೆ.

ಬ್ಯಾಂಡ್ ಹಾಕಿಸಿಕೊಂಡವರಿಗೆ ಹೇಳುವ ಊಟದ ನಿಯಮಗಳೆಲ್ಲ ಈ ಒಂದು ನಿಮಿಷದ ಸುತ್ತಲೇ ಇವೆ. ಬೆರಳ ಉಗುರಿನಷ್ಟು ತುತ್ತು. ನುಣ್ಣಗಾಗುವವರೆಗೆ ಅಗಿಯುವುದು. ನುಂಗಿದ ಮೇಲೆ ಕೈ ಕೆಳಗಿಟ್ಟು ಕಾಯುವುದು. ಇಪ್ಪತ್ತು ನಿಮಿಷಕ್ಕೆ ಎಷ್ಟಾಯಿತೋ ಅಷ್ಟೇ ಊಟ. ಸಿಕ್ಕಿಕೊಳ್ಳುವುದು ಹೆಚ್ಚಾಗಿ ಊಟದ ಮೊದಲ ತುತ್ತೇ, ಏಕೆಂದರೆ ಹಸಿದ ಕೈ ಅವಸರಪಡುತ್ತದೆ. ಅಗಿದಷ್ಟೂ ಅಂಟಾಗುವ ಬ್ರೆಡ್, ಒಣ ಚಿಕನ್, ಉಂಡೆಗಟ್ಟಿದ ಅನ್ನ, ನಾರಿನ ತರಕಾರಿ, ಕಿತ್ತಳೆ ತೊಳೆಯ ಪೊರೆ ಇವೆಲ್ಲ ಎಲ್ಲ ದೇಶದ ಬ್ಯಾಂಡಿನವರಿಗೂ ಪರಿಚಿತ ವೈರಿಗಳು. ನಮ್ಮ ಅಡುಗೆಮನೆಯಿಂದ ತಣ್ಣಗಾದ ಚಪಾತಿಯನ್ನೂ ನುಗ್ಗೆಕಾಯಿಯ ನಾರನ್ನೂ ಈ ಸಾಲಿಗೆ ಧೈರ್ಯವಾಗಿ ಸೇರಿಸಬಹುದು. ಬೆಳಗಿನ ಹೊತ್ತು ಬ್ಯಾಂಡ್ ಹೆಚ್ಚು ಬಿಗಿಯಾಗಿರುತ್ತದೆ ಎಂಬುದು ಬಹಳ ಜನರ ಅನುಭವ.

ಇಷ್ಟಾದರೂ ಸಿಕ್ಕಿಕೊಂಡರೆ? ಊಟ ಅಲ್ಲಿಗೇ ನಿಲ್ಲಬೇಕು. ನೀರು ಕುಡಿಯಬಾರದು. ಮುಚ್ಚಿದ ದಾರಿಯ ಮೇಲೆ ಸುರಿದ ನೀರು ಕೆಳಗಿಳಿಯುವುದಿಲ್ಲ, ಮೇಲೆ ನಿಂತು ನೋವನ್ನು ಹೆಚ್ಚಿಸುತ್ತದೆ. ಸೋಡಾ ಕುಡಿದರೆ ಇನ್ನೂ ಕಷ್ಟ. ಎದ್ದು ನಿಂತು ಮೆಲ್ಲಗೆ ಓಡಾಡಬೇಕು, ಭುಜ ಸಡಿಲ ಬಿಡಬೇಕು, ಬಂದ ಜೊಲ್ಲನ್ನು ನುಂಗದೆ ಉಗುಳಬೇಕು. ಬೆರಳು ಹಾಕಿ ವಾಂತಿ ಮಾಡಬಾರದು. ಬಲವಂತದ ಓಕರಿಕೆಗೆ ಕೆಳಗಿನ ಜಠರ ಬ್ಯಾಂಡ್‌ನೊಳಗಿಂದ ಮೇಲೆ ನುಗ್ಗಿ ಬ್ಯಾಂಡ್ ಜಾರಬಹುದು. ಪಪ್ಪಾಯಿಯ ಕಿಣ್ವದ ಮಾತ್ರೆ ಚೀಪುವವರಿದ್ದಾರೆ. ಅದರಿಂದ ಗುಣವಿದೆ ಎನ್ನಲು ಒಳ್ಳೆಯ ಆಧಾರವಿಲ್ಲ. ಮಾಂಸ ಮೆತ್ತಗಾಗಿಸುವ ಪುಡಿಯನ್ನು ಮಾತ್ರ ಯಾರೂ ಮುಟ್ಟಬಾರದು. ಹಿಂದೆ ಅನ್ನನಾಳದಲ್ಲಿ ಸಿಕ್ಕ ಮಾಂಸ ಕರಗಿಸಲು ಅದನ್ನು ಕೊಟ್ಟು ಅನ್ನನಾಳವೇ ತೂತಾದ ಪ್ರಕರಣಗಳಿವೆ. ತುತ್ತು ಇಳಿದ ಮೇಲೆ ಒಳಗೆ ಊತ ಉಳಿದಿರುತ್ತದೆ. ಆದ್ದರಿಂದ ಆ ದಿನವೆಲ್ಲ ಗಂಜಿ, ಸಾರಿನ ತಿಳಿ, ಮಜ್ಜಿಗೆಯಂಥ ದ್ರವವೇ ಇರಲಿ.

ಮತ್ತೆ ಮತ್ತೆ ಸಿಕ್ಕಿಕೊಳ್ಳುತ್ತಿದ್ದರೆ ತಪ್ಪು ರೋಗಿಯದೇ ಎಂದು ನಾನು ಒಪ್ಪುವುದಿಲ್ಲ. ಎಷ್ಟು ಅಗಿದರೂ ಸಿಕ್ಕುತ್ತಿದ್ದರೆ ಬ್ಯಾಂಡ್ ಅತಿಯಾಗಿ ಬಿಗಿಯಾಗಿರಬಹುದು ಅಥವಾ ಜಾರಿರಬಹುದು. ಅತಿಬಿಗಿಯ ಬ್ಯಾಂಡ್‌ನಿಂದ ತೂಕವೂ ಸರಿಯಾಗಿ ಇಳಿಯುವುದಿಲ್ಲ. ಪಲ್ಯ ಇಳಿಯದಿದ್ದಾಗ ಜನ ಸುಲಭವಾಗಿ ಜಾರುವ ಐಸ್‌ಕ್ರೀಂ, ಚಾಕೊಲೇಟ್, ಸಿಹಿ ಪಾನೀಯಗಳಿಗೆ ತಿರುಗುತ್ತಾರೆ. ಅದು ಆಸೆಬುರುಕತನವಲ್ಲ, ಬದುಕಲು ಹುಡುಕಿಕೊಂಡ ದಾರಿ. ಒಬ್ರಿಯನ್ ತಂಡ ಹಳದಿ, ಹಸಿರು, ಕೆಂಪು ಎಂದು ಬಿಗಿತವನ್ನು ಮೂರಾಗಿ ವಿಂಗಡಿಸಿ ಹೇಳಿದ್ದೂ ಇದನ್ನೇ: ಕೆಮ್ಮು, ಎದೆಯುರಿ, ಸಿಕ್ಕಿಕೊಳ್ಳುವಿಕೆ, ಮೆತ್ತಗಿನ ಸಿಹಿಯ ಹಂಬಲ ಕೆಂಪು ವಲಯದ ಗುರುತುಗಳು. ಆಗ ಸಲೈನ್ ತೆಗೆಸಬೇಕು.

ವಾರಗಟ್ಟಲೆ ವಾಂತಿ ನಡೆದರೆ ಇನ್ನೊಂದು ಅಪಾಯವಿದೆ. ದೇಹದಲ್ಲಿ ಥಯಾಮಿನ್, ಅಂದರೆ ಬಿ1 ಜೀವಸತ್ವದ ದಾಸ್ತಾನು ಕೆಲವೇ ವಾರಗಳದ್ದು. ಅದು ಮುಗಿದರೆ ಕಣ್ಣು ಮಂಜಾಗಿ, ನಡಿಗೆ ತಪ್ಪಿ, ಬುದ್ಧಿ ಗಲಿಬಿಲಿಯಾಗಿ, ಮಿದುಳಿಗೆ ಶಾಶ್ವತ ಹಾನಿಯಾಗಬಹುದು.

ಬ್ಯಾಂಡ್‌ನ ಕಾಲ ಹೆಚ್ಚು ಬಾಳಲಿಲ್ಲ. ಬ್ರಸೆಲ್ಸ್‌ನ ಹಿಂಪೆನ್ಸ್ ಮತ್ತು ಸಂಗಡಿಗರು ಹನ್ನೆರಡು ವರ್ಷಕ್ಕೂ ಹೆಚ್ಚು ಕಾಲ ಕಳೆದ ರೋಗಿಗಳನ್ನು ಹುಡುಕಿ ನೋಡಿ 2011ರಲ್ಲಿ ಪ್ರಕಟಿಸಿದ ವರದಿಯಂತೆ, ಹೆಚ್ಚುಕಡಿಮೆ ಅರ್ಧದಷ್ಟು ಮಂದಿಯ ಬ್ಯಾಂಡ್ ತೆಗೆಯಬೇಕಾಗಿ ಬಂದಿತ್ತು. ಜಠರದ ಬಹುಪಾಲನ್ನು ಕತ್ತರಿಸಿ ತೆಗೆಯುವ ಸ್ಲೀವ್ ಶಸ್ತ್ರಚಿಕಿತ್ಸೆ ಆ ಜಾಗವನ್ನು ಹಿಡಿಯಿತು. 2019ರ ಹೊತ್ತಿಗೆ ಅಮೆರಿಕದಲ್ಲಿ ಬ್ಯಾಂಡ್‌ನ ಪಾಲು ನೂರಕ್ಕೆ ಒಂದಕ್ಕಿಂತ ಕಡಿಮೆ. ಭಾರತದಲ್ಲೂ ಈಗ ನಡೆಯುವುದು ಮುಖ್ಯವಾಗಿ ಸ್ಲೀವ್ ಮತ್ತು ಬೈಪಾಸ್. ಆದರೆ ಹಾಕಿಸಿಕೊಂಡವರ ಹೊಟ್ಟೆಯಿಂದ ಬ್ಯಾಂಡ್ ತಾನಾಗಿ ಮಾಯವಾಗುವುದಿಲ್ಲ. ಹಾಕುವವರು ಕಡಿಮೆಯಾದಂತೆ ಅದನ್ನು ಬಲ್ಲ ವೈದ್ಯರೂ ಕಡಿಮೆಯಾಗುತ್ತಿದ್ದಾರೆ. ನನ್ನ ಚಿಂತೆ ಅದೇ.

ನಮ್ಮಲ್ಲಿ ಅದಕ್ಕೊಂದು ಮಾತಿನ ತೊಡಕೂ ಸೇರುತ್ತದೆ. ವೈದ್ಯರ ಮಾತಿನಲ್ಲಿ ಇದು ‘ಗ್ಯಾಸ್ಟ್ರಿಕ್ ಬ್ಯಾಂಡ್’, ಅಂದರೆ ಜಠರದ ಬ್ಯಾಂಡ್. ಆದರೆ ಕನ್ನಡಿಗರ ಬಾಯಲ್ಲಿ ‘ಗ್ಯಾಸ್ಟ್ರಿಕ್’ ಅಂದರೆ ಎದೆಯುರಿ, ಹೊಟ್ಟೆಯುಬ್ಬರ. ‘ಗ್ಯಾಸ್ಟ್ರಿಕ್ ಆಪರೇಷನ್ ಆಗಿದೆ, ಎದೆ ಒತ್ತುತ್ತಿದೆ’ ಎಂದರೆ ಮನೆಯವರು ಜೀರಿಗೆ ಕಷಾಯ ಕಾಯಿಸುತ್ತಾರೆ, ಅಂಗಡಿಯವನು ಆಂಟಾಸಿಡ್ ಕೊಡುತ್ತಾನೆ. ಹೊರದೇಶದಲ್ಲಿ ಬ್ಯಾಂಡ್ ಹಾಕಿಸಿಕೊಂಡು ಊರಿಗೆ ಮರಳಿದವರು, ಅವರ ಮನೆಯವರು ಈ ಮಾತನ್ನು ಬಿಡಿಸಿ ಹೇಳಲು ಕಲಿಯಬೇಕು. ಬ್ಯಾಂಡ್‌ನ ಹೆಸರು, ಹಾಕಿದ ವರ್ಷ, ಈಗ ಎಷ್ಟು ಮಿಲಿಲೀಟರ್ ತುಂಬಿದೆ ಎಂಬುದನ್ನು ಚೀಟಿಯಲ್ಲಿ ಬರೆದು ಪರ್ಸಿನಲ್ಲಿ ಇಟ್ಟುಕೊಳ್ಳಿ. ನೋವು ತಡೆಯಲಾಗದಿದ್ದರೆ, ಅಥವಾ ಗಂಟೆಗಳು ಕಳೆದರೂ ನೀರು, ಜೊಲ್ಲು ಕೂಡ ಇಳಿಯದಿದ್ದರೆ ಬೆಳಗಾಗಲೆಂದು ಕಾಯಬೇಡಿ. ಎಮರ್ಜೆನ್ಸಿಗೆ ಹೋಗಿ ಮೊದಲ ಮಾತಿಗೇ ‘ಜಠರಕ್ಕೆ ಬ್ಯಾಂಡ್ ಇದೆ, ಪೋರ್ಟ್ ಇಲ್ಲಿದೆ, ಬ್ಯಾಂಡಿನ ಸಲೈನ್ ತೆಗೆಯಬೇಕು’ ಎನ್ನಿ. ಅದಕ್ಕೆ ಬೇಕಾದ ಹ್ಯೂಬರ್ ಸೂಜಿ ಕೀಮೋಥೆರಪಿಯ ಪೋರ್ಟ್‌ಗೆ ಚುಚ್ಚುವಂಥದ್ದೇ. ಕ್ಯಾನ್ಸರ್ ವಿಭಾಗವಿರುವ ಆಸ್ಪತ್ರೆಯಲ್ಲಿ ಅದು ಸಿಗುತ್ತದೆ. ಸಲೈನ್ ಹೀರುವ ಕೆಲಸ ಕೆಲವೇ ನಿಮಿಷಗಳದ್ದು.